‘ನನ್ನಿಂದಾಗದು’ ಎಂಬ ಮಾತಿನ ವಿಷಯವಾಗಿ

(ಓದತಕ್ಕ ಭಾಗಗಳು: ವಿಮೋಚನಕಾಂಡ 3:1ರಿಂದ 4:17; ಅರಣ್ಯಕಾಂಡ 13 ಮತ್ತು 14; ಯೆಹೋಶುವ 2)

ಬಂಗಾರಪೇಟೆಯ ಸುತ್ತಣ ಹಳ್ಳಿಗಳಲ್ಲಿಯೂ ಕೋಲಾರ ಚಿನ್ನದ ಗಣಿಯ ಲೈನುಗಳಲ್ಲಿಯೂ ನಾವು ಮೇಲಿಂದ ಮೇಲೆ ಕೇಳುವ ಮಾತೊಂದುಂಟು. ಸಭೆಯಲ್ಲಿ ಪ್ರಾರ್ಥಿಸಿರೆಂದರೆ, ‘ಅಯ್ಯನವರೇ, ನನ್ನಿಂದಾಗದು’ ಎನ್ನುತ್ತಾರೆ. ಮಗಳನ್ನು ಕಾಲೇಜಿಗೆ ಕಳುಹಿಸಿರೆಂದರೆ, ‘ನಮ್ಮಂಥವರಿಗೆ ಅದೆಲ್ಲಿಯದು?’ ಎನ್ನುತ್ತಾರೆ. ಇದನ್ನು ಅನೇಕರು ದೀನತ್ವವೆಂದು ತಿಳಿದುಕೊಂಡಿದ್ದಾರೆ. ಆದರೆ ದೀನನು ತನ್ನನ್ನು ತಗ್ಗಿಸಿಕೊಂಡು ದೇವರು ಹೇಳಿದ ಕೆಲಸಕ್ಕೆ ಹೋಗುತ್ತಾನೆ. ಈ ಮಾತನ್ನಾಡುವವನೋ ಹೋಗುವದೇ ಇಲ್ಲ.

ಈ ಮಾತು ನಮ್ಮಲ್ಲಿ ತಾನಾಗಿ ಹುಟ್ಟಿದ್ದಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಊರ ಬಾವಿಗೆ ದೂರವಾಗಿ ನಿಲ್ಲಿಸಲ್ಪಟ್ಟವರು. ಹೊರಗಿನವರು ತಲೆತಲಾಂತರವಾಗಿ ಹೇಳಿದ್ದನ್ನು, ಈಗ ಯಾರೂ ಹೇಳದಿರುವಾಗಲೂ, ನಾವೇ ನಮಗೆ ಹೇಳಿಕೊಳ್ಳುತ್ತೇವೆ. ಆದರೂ ಅಂಥವರೇ 1880ರ ಸುಮಾರಿನಿಂದ ಜಾನ್ ಟೇಲರ್ ಕಂಪನಿಯವರೂ ಬಳಿಕ ಸರಕಾರದವರೂ ನಡಿಸಿದ ಗಣಿಗಳಲ್ಲಿ ಇಳಿದು, ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದ ತನಕ ಬಂಡೆ ಕೊರೆದು, ಒಟ್ಟು 800 ಟನ್ನಿನಷ್ಟು ಚಿನ್ನವನ್ನು ಮೇಲಕ್ಕೆ ತಂದರು. 2001ರಲ್ಲಿ ಗಣಿ ಮುಚ್ಚಿತು. ಅಂದಿನಿಂದ ಎಷ್ಟೋ ಮಂದಿ ನಸುಕಿನಲ್ಲೆದ್ದು ಮಾರಿಕುಪ್ಪದ ರೈಲು ಹತ್ತಿ, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾ ಬಂದರು. ಅಷ್ಟು ಆಳದಲ್ಲಿ, ಬಿಸಿಬಂಡೆಯ ನಡುವೆ ದುಡಿದವನು ಯಾರದೋ ಗೇಟಿನ ಮುಂದೆ ನಿಂತು ತನಗೇನೂ ಬಾರದೆಂದು ನೆನಸುವದು ನಮಗೆ ಬಹಳ ವ್ಯಸನಕರವಾಗಿ ತೋರುತ್ತದೆ. ಗಣಿ ಮುಚ್ಚಿದ್ದು ಲೆಕ್ಕಪತ್ರದ ಕಾರಣದಿಂದಲೇ ಹೊರತು ಕೆಲಸಗಾರನ ಕೈ ಕೆಟ್ಟದ್ದರಿಂದಲ್ಲ.

ಸಂಶಯವೆಲ್ಲಾ ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಗಣಿಯವನು ಕೆಲಸಕ್ಕೆ ತೊಡಗುವ ಮುಂಚೆ ತಲೆಯ ಮೇಲಿನ ಕಲ್ಲನ್ನು ಸಲಾಕೆಯಿಂದ ತಟ್ಟಿ ನೋಡುತ್ತಾನೆ; ಟೊಳ್ಳು ಸದ್ದು ಬಂದರೆ ಸಡಿಲವಾದದ್ದನ್ನು ಕೆಡವಿದ ಮೇಲೆಯೇ ಒಳಗೆ ಹೋಗುತ್ತಾನೆ. ಅಂಥ ಸಂಶಯ ಪ್ರಾಣ ಉಳಿಸುತ್ತದೆ. ತಟ್ಟಿಯೂ ನೋಡದೆ ಬಾಗಿಲಲ್ಲೇ ಕೂತುಬಿಡುವದು ಬೇರೆ.

ಕಾನಾನ್ ದೇಶವನ್ನು ಸಂಚರಿಸಿ ನೋಡಿದ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಹಾಗೆ ಕೂತುಬಿಟ್ಟರು. ತಮ್ಮ ಕಣ್ಣಿಗೆ ತಾವು ಮಿಡತೆಗಳಂತೆ ಕಂಡೆವೆಂದೂ, ಆ ದೇಶದವರ ಕಣ್ಣಿಗೂ ಹಾಗೆಯೇ ಕಂಡೆವೆಂದೂ ವರದಿ ಕೊಟ್ಟರು. ಮೊದಲನೆಯದು ಅವರಿಗೆ ತಿಳಿದಿರಬಹುದು. ಎರಡನೆಯದನ್ನು ಯಾರು ತಿಳಿಸಿದರು? ಅವರು ಯಾರನ್ನೂ ಕೇಳಿರಲಿಲ್ಲ. ಸುಮಾರು ನಾಲ್ವತ್ತು ವರುಷಗಳ ತರುವಾಯ ಯೆರಿಕೋವಿನ ರಾಹಾಬಳು ನಿಜವನ್ನು ಹೊರಗೆಡವಿದಳು: ಕೆಂಪು ಸಮುದ್ರದ ಸುದ್ದಿ ಕೇಳಿದಂದಿನಿಂದ ಆ ದೇಶದವರೇ ಇಸ್ರಾಯೇಲ್ಯರಿಗೆ ಹೆದರಿ ಎದೆಗುಂದಿದ್ದರು. ಹತ್ತು ಮಂದಿಯ ಅಂಜಿಕೆಗಾಗಿ ಧೈರ್ಯಶಾಲಿಗಳಾದ ಕಾಲೇಬನೂ ಯೆಹೋಶುವನೂ, ಏನೂ ಅರಿಯದ ಮಕ್ಕಳೂ ಅಷ್ಟು ವರುಷ ಅರಣ್ಯದಲ್ಲಿ ಅಲೆಯಬೇಕಾಯಿತು. ಮಗಳ ಓದನ್ನು ನಿಲ್ಲಿಸುವ ತಂದೆತಾಯಿಗಳು ಈ ಅಧ್ಯಾಯವನ್ನು ಎರಡು ಸಾರಿ ಓದಬೇಕೆಂದು ಕೋರುತ್ತೇವೆ.

ಮೋಶೆಯೂ ಉರಿಯುವ ಪೊದೆಯ ಮುಂದೆ ನೆವದ ಮೇಲೆ ನೆವ ಹೇಳಿದನು. ತಾನು ಎಷ್ಟರವನೆಂದನು, ಜನರು ನಂಬರೆಂದನು, ನಾಲಿಗೆ ಮಂದವೆಂದನು, ಕಡೆಗೆ ಬೇರೆ ಯಾರನ್ನಾದರೂ ಕಳುಹಿಸೆಂದನು. ಇಲ್ಲಿ ಗಮನಿಸತಕ್ಕದ್ದೇನಂದರೆ, ನೀನು ಸಮರ್ಥನೆಂದು ದೇವರು ಅವನನ್ನು ಹೊಗಳಲಿಲ್ಲ. ತಾನು ಜೊತೆಗಿರುವೆನೆಂದು ಮಾತ್ರ ಹೇಳಿದನು. ಕಡೆಯ ನೆವಕ್ಕೆ ಕೋಪಗೊಂಡರೂ ಅವನನ್ನು ಕೈಬಿಡದೆ ಮಾತಿಗೆ ಅಣ್ಣನನ್ನು ಕೊಟ್ಟನು. ಮೋಶೆಯು ಇನ್ನೂ ನೆವ ಹೇಳುತ್ತಿರುವಾಗಲೇ ಆರೋನನು ಅವನನ್ನು ಎದುರುಗೊಳ್ಳುವದಕ್ಕೆ ಹೊರಟು ಬರುತ್ತಿದ್ದನು.

ಆದಕಾರಣ ಸಭೆಯ ಹಿರಿಯರು ಅಂಜುವವರೊಬ್ಬರನ್ನು ಆದಿತ್ಯವಾರದ ವೇದಪಾಠಕ್ಕೆ ಕರೆಯುವದಾದರೆ, ಶನಿವಾರ ಸಂಜೆಯೇ ಅವರ ಮನೆಗೆ ಹೋಗಿ, ದೀಪದ ಬಳಿ ಕೂತು, ಆ ಭಾಗವನ್ನು ಅವರ ಸಂಗಡ ಓದತಕ್ಕದ್ದು.