ಕೋಳಿಮರಿಗಳ ಮಾಂಸವೃದ್ಧಿಯೂ ಮೈಕ್ರೋ ಆರ್.ಎನ್.ಎ.ಗಳೂ

ಒಂದೇ ಅಂಗಳದಲ್ಲಿ ಒಂದೇ ಆಹಾರ ತಿಂದ ನಾಟಿ ಮರಿಗೂ, ಹೆಬ್ಬಾಳದಲ್ಲಿ ಸಿದ್ಧಪಡಿಸಲ್ಪಟ್ಟ ಗಿರಿರಾಜ ಮರಿಗೂ ತೂಕದಲ್ಲಿ ಇಷ್ಟು ಅಂತರವೇಕೆಂದು ಗೋವಿನಕೋವಿಯ ಜಮೀನುದಾರರೊಬ್ಬರು ನನ್ನನ್ನು ಕೇಳಿದರು. ತಳಿಯ ಗುಣವೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಆ ಗುಣವು ಮಾಂಸದಲ್ಲಿ ಹೇಗೆ ಕೆಲಸಮಾಡುವುದೆಂದು ತಿಳಿದರೆ, ಪಾಲನೆಯಲ್ಲಿ ನಷ್ಟವೆಲ್ಲಿ ಆಗುತ್ತಿದೆಯೆಂಬುದೂ ತಿಳಿಯುವುದು.

ಮೊಟ್ಟೆಯು ಕಾವಿನಲ್ಲಿರುವ 21 ದಿನಗಳಲ್ಲಿ ಮಾಂಸದ ಮೂಲಕೋಶಗಳು ಮೊದಲು ಸಂಖ್ಯೆಯಲ್ಲಿ ಹೆಚ್ಚುವುವು. ಅನಂತರ ಒಂದಕ್ಕೊಂದು ಕೂಡಿ ಎಳೆಗಳಾಗುವುವು. ಮರಿಯು ಹೊರಬರುವ ವೇಳೆಗೆ ಎಳೆಗಳ ಸಂಖ್ಯೆಯು ಬಹುಮಟ್ಟಿಗೆ ನಿಶ್ಚಯವಾಗಿರುವುದು. ಆಮೇಲೆ ಅವು ದಪ್ಪವಾಗಿ ಉದ್ದವಾಗುವುದಷ್ಟೇ ಉಳಿದ ಕೆಲಸ.

ಈ ಕೆಲಸಗಳನ್ನು ಹದದಲ್ಲಿಡುವವುಗಳಲ್ಲಿ ಮೈಕ್ರೋ ಆರ್.ಎನ್.ಎ.ಗಳೂ ಸೇರಿವೆ. ಕೋಶದಲ್ಲಿ ಡಿ.ಎನ್.ಎ.ಯಿಂದ ಹೊರಟ ಅಪ್ಪಣೆಯಂತೆ ಪ್ರೋಟೀನು ತಯಾರಾಗುವುದಷ್ಟೆ. ಸುಮಾರು 22 ಅಕ್ಷರಗಳುಳ್ಳ ಈ ತುಣುಕು ತಾನು ಯಾವ ಪ್ರೋಟೀನನ್ನೂ ಮಾಡಿಸದು. ತನಗೆ ಹೊಂದುವ ಅಪ್ಪಣೆಗೆ ಅಂಟಿಕೊಂಡು ಅದನ್ನು ಕುಗ್ಗಿಸುವುದು. ನೀರುಗಂಟಿಯು ತೂಬನ್ನು ತುಸು ಇಳಿಸಿದಂತೆಯೇ ಸರಿ. 1993ರಲ್ಲಿ ಇದನ್ನು ಮೊದಲು ಕಂಡದ್ದು ಒಂದು ಸಣ್ಣ ಹುಳುವಿನಲ್ಲಿ. ಇದಕ್ಕಾಗಿ ಆಂಬ್ರೋಸ್ ಮತ್ತು ರವ್ಕುನ್ ಎಂಬ ಪಂಡಿತರಿಗೆ 2024ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಮಾಂಸದಲ್ಲಿ 1, 133, 206 ಎಂಬ ಅಂಕಿಗಳವು ಮುಖ್ಯವಾದುವು. 133ನೆಯದು ಕೋಶಗಳು ಹೆಚ್ಚುವುದಕ್ಕೂ, 1ನೆಯದು ಅವು ಎಳೆಯಾಗುವುದಕ್ಕೂ ನೆರವಾಗುವುದೆಂದು 2006ರಲ್ಲಿ ಇಲಿಯ ಕೋಶಗಳಿಂದ ತಿಳಿಯಿತು. 1 ಮತ್ತು 206 ಕೂಡಿ, ಕೋಶಗಳನ್ನು ಎಳೆಯ ಸ್ಥಿತಿಯಲ್ಲಿಯೇ ಇಡುವ ಪ್ಯಾಕ್ಸ್-3 ಎಂಬುದನ್ನು ತಗ್ಗಿಸುವುವು. ಇವೆರಡನ್ನೂ ತಡೆದರೆ ಕೋಳಿಯ ಭ್ರೂಣದಲ್ಲಿ ಮಾಂಸವು ಬಲಿಯುವುದು ತಡವಾಗುವುದೆಂಬುದು 2011ರಲ್ಲಿ ಪ್ರಕಟವಾಯಿತು. ಕುರಿ ಸಾಕುವವರಿಗೆ ಒಂದು ಮಾತು: ಟೆಕ್ಸೆಲ್ ಕುರಿಯ ತುಂಬುಮಾಂಸಕ್ಕೆ, ಮಾಂಸವನ್ನು ಮಿತಿಯಲ್ಲಿಡುವ ಮಯೋಸ್ಟಾಟಿನ್ ಅಪ್ಪಣೆಯಲ್ಲಿ ಒಂದೇ ಅಕ್ಷರ ಬದಲಾಗಿ, ಇವೇ ತುಣುಕುಗಳು ಅದಕ್ಕೆ ಅಂಟುವಂತಾದದ್ದು ಒಂದು ಕಾರಣ.

ಮಾಂಸದ ತಳಿಗೂ ಮೊಟ್ಟೆಯ ತಳಿಗೂ ಇಂತಹ ಹಲವು ತುಣುಕುಗಳ ಪ್ರಮಾಣವು ಬೇರೆಯಾಗಿರುವುದು. ಹಾಗೆಂದು ಗಿರಿರಾಜದ ತೂಕಕ್ಕೆ ಇದೊಂದೇ ಕಾರಣವೆನ್ನಲಾಗದು.

ತಳಿಯು ಸಾಕುವವರ ಕೈಯಲ್ಲಿಲ್ಲ; ಮೊದಲ ವಾರವು ಇದೆ. ಎಳೆಗಳ ಪಕ್ಕದಲ್ಲಿದ್ದು ಅವುಗಳನ್ನು ದಪ್ಪಗೊಳಿಸುವ ಸಹಾಯಕ ಕೋಶಗಳು ಆಗಲೇ ಅತಿ ಚುರುಕಾಗಿರುವುವು. ಹೊಟ್ಟೆಯಲ್ಲಿ ಹಳದಿ ಉಳಿದಿದೆಯೆಂದು ಎರಡು ದಿನ ಮರಿಗಳನ್ನು ಹಸಿದಿಡುವ ವಾಡಿಕೆಯನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಹಳದಿಯಿಂದ ಪ್ರಾಣವುಳಿಯುವುದು ನಿಜ. ಆದರೆ ಹಾಗೆ ಹಸಿದ ಮರಿಗಳಿಗೆ ಮುಂದೆ ಎದೆಮಾಂಸವು ಕಡಮೆಯಾಗುವುದೆಂದು ಪ್ರಯೋಗಗಳಿಂದ ಸಿದ್ಧವಾಗಿದೆ. ಆದುದರಿಂದ ಮರಿಗಳು ಮನೆಗೆ ಬಂದೊಡನೆ ನೀರನ್ನೂ ನುಚ್ಚಾದ ಆಹಾರವನ್ನೂ ಇಡತಕ್ಕದ್ದು. ಮೊದಲ ವಾರ ಸುಮಾರು 95 ಡಿಗ್ರಿ ಫ್ಯಾರನ್‌ಹೀಟ್ ಶಾಖವಿರತಕ್ಕದ್ದು. ಪೇಟೆಯಿಂದ ಮರಿಗಳನ್ನು ತರಿಸುವವರು ಬುಟ್ಟಿಯನ್ನು ಸಂಜೆಯವರೆಗೆ ಜಗಲಿಯ ಮೇಲೆ ಬಿಡಬಾರದು.