ಮೋಟಾರು ಸೈಕಲ್ಲಿನ ಚೈನು ಬದಲಿಸುವುದು ಯಾವಾಗ?



ಕೊಂಡಜ್ಜಿಯಿಂದ ಹರಿಹರಕ್ಕಾಗಲಿ ದಾವಣಗೆರೆಗಾಗಲಿ ಹೋಗಿಬರಲು ಈಗ ಬಹುಮಂದಿಗೆ ಮೋಟಾರು ಸೈಕಲ್ಲೇ ಆಧಾರ. ಹಾಲಿನ ಕ್ಯಾನು, ಗೊಬ್ಬರದ ಚೀಲ ಹೊರುವುದೂ ಅದೇ. ಗದ್ದೆಯ ಕೆಸರು, ದಾರಿಯ ಧೂಳು ಸೇರಿ ಚೈನಿನ ಪಿನ್ನುಗಳು ಒಳಗೊಳಗೇ ಸವೆದು ಚೈನು ಉದ್ದವಾಗುತ್ತದೆ. ಓಡುವಾಗ ಅದು ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ತಟ್ಟನೆ ನಿಂತು ಪ್ರಾಣಕ್ಕೇ ಅಪಾಯ. ಆದುದರಿಂದ ಮೊದಲೇ ಪರೀಕ್ಷಿಸಿರಿ.

ಎಂಜಿನ್ ನಿಲ್ಲಿಸಿ, ಗಾಡಿಯನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿ, ಚೈನ್ ಕವರ್ ಬಿಚ್ಚಿರಿ.

1. ಹಿಂದಿನ ಸ್ಪ್ರಾಕೆಟ್ಟಿನ ತೀರ ಹಿಂಭಾಗದಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದುಬಂದರೆ ಅದರ ಆಯುಸ್ಸು ಮುಗಿಯಿತು.

2. ಸಾಮಾನ್ಯವಾದ 428 ನಂಬರಿನ ಚೈನಾದರೆ, ಅದನ್ನು ಬಿಗಿಯಾಗಿಟ್ಟು 21 ಪಿನ್ನು ಎಣಿಸಿ, ಮೊದಲ ಪಿನ್ನಿನ ನಡುವಿನಿಂದ ಕೊನೆಯದರ ನಡುವಿನವರೆಗೆ ಅಳೆಯಿರಿ. ಹೊಸದರಲ್ಲಿ ಇದು 254 ಮಿಲಿಮೀಟರ್. 259 ಮುಟ್ಟಿದರೆ ಬದಲಿಸಿರಿ.

3. ಸ್ಪ್ರಾಕೆಟ್ಟಿನ ಹಲ್ಲುಗಳು ಚೂಪಾಗಿದ್ದರೆ ಅಥವಾ ಕೊಕ್ಕೆಯಂತೆ ಬಾಗಿದ್ದರೆ ಅವು ಸವೆದಿವೆ.

4. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿರಿ. ಚೈನು ಒಂದೆಡೆ ಬಿಗಿ, ಒಂದೆಡೆ ತೀರ ಸಡಿಲವಾಗುತ್ತಿದ್ದರೆ ನಟ್ಟು ಬಿಗಿಮಾಡಿ ಫಲವಿಲ್ಲ. ತಿರುಗುವ ಚೈನಿನ ಬಳಿ ಬೆರಳಿಡಬೇಡಿರಿ.

ಹಣ ಉಳಿಸಲೆಂದು ಚೈನೊಂದನ್ನೇ ಬದಲಿಸುವುದು ಉಳಿತಾಯವಲ್ಲ. ಸವೆದ ಹಲ್ಲು ಹೊಸ ಚೈನನ್ನೂ ಬೇಗ ಕೆಡಿಸುತ್ತದೆ. ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೇ ಹಾಕಿಸಿರಿ. ಆಮೇಲೆ ಕೆಸರಿನಲ್ಲಿ ಓಡಿಸಿದಾಗಲೆಲ್ಲ ಚೈನನ್ನು ಒರೆಸಿ ಎಣ್ಣೆ ಬಿಡಿರಿ. ಎತ್ತಿಗೆ ಮೇವು ಹೇಗೋ, ಚೈನಿಗೆ ಎಣ್ಣೆ ಹಾಗೆ.