ಬೆರಳಚ್ಚು ಬರದಿದ್ದರೂ ಅಕ್ಕಿ ಕೊಡಲೇಬೇಕು

ನ್ಯಾಯಬೆಲೆ ಅಂಗಡಿಯೊಂದರ ಮುಂದೆ ಅಜ್ಜಿಯೊಬ್ಬರು ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಒರೆಸಿ ಯಂತ್ರದ ಮೇಲೆ ಒತ್ತುತ್ತಿದ್ದರು. ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳು. "ತಂಬ್ ಬರ್ತಿಲ್ಲ ಅಜ್ಜಿ, ನಾಳೆ ಬನ್ನಿ" ಅಂದರು ಒಳಗಿದ್ದವರು. ಅಜ್ಜಿ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಬಿಟ್ಟರು. ಅವರನ್ನು ಹಾಗೆ ಕಳಿಸುವಂತಿರಲಿಲ್ಲ. ಆಧಾರ್ ಇಲ್ಲ, ಬೆರಳಚ್ಚು ಹೊಂದುತ್ತಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಪಡಿತರ ತಪ್ಪಿಸಬಾರದು, ಬೇರೆ ರೀತಿಯಲ್ಲಿ ಗುರುತು ಖಚಿತಪಡಿಸಿಕೊಂಡು ಕೊಡಬೇಕು ಎಂದು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಆಹಾರದ ಈ ಹಕ್ಕು ಸುಮ್ಮನೆ ಬಂದದ್ದಲ್ಲ. 2001ರಲ್ಲಿ ರಾಜಸ್ಥಾನ ಬರದಲ್ಲಿ ಬೇಯುತ್ತಿದ್ದಾಗ ಆಹಾರ ನಿಗಮದ ಗೋದಾಮುಗಳಲ್ಲಿ ಧಾನ್ಯ ತುಂಬಿ ಹೊರಗೆ ಚೆಲ್ಲುತ್ತಿತ್ತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸಂವಿಧಾನದ 21ನೇ ವಿಧಿ ಹಿಡಿದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು: ಬದುಕುವ ಹಕ್ಕಿನಲ್ಲಿ ಉಣ್ಣುವ ಹಕ್ಕು ಇಲ್ಲವೇ? ಅದೇ ವರ್ಷ ನವೆಂಬರ್ 28ರಂದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂಬ ಆದೇಶ ಬಂತು. ಆದೇಶ ಬಂದ ಮಾತ್ರಕ್ಕೆ ಒಲೆ ಹೊತ್ತಲಿಲ್ಲ. 2002ರ ಏಪ್ರಿಲ್‌ನಲ್ಲಿ ಕಾರ್ಯಕರ್ತರು ದೇಶದ ಹಲವೆಡೆ ತಾವೇ ಅಡುಗೆ ಮಾಡಿ, ಎಲ್ಲರೂ ನೋಡುವಂತೆ ಮಕ್ಕಳಿಗೆ ಬಡಿಸಿದರು. ಆದೇಶ ಜಾರಿಯಾಗುತ್ತಿದೆಯೇ ಎಂದು ನೋಡಲು ನ್ಯಾಯಾಲಯ ಆಯುಕ್ತರನ್ನೂ ನೇಮಿಸಿತು. ನಮ್ಮ ಕರ್ನಾಟಕದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದದ್ದು ಈಶಾನ್ಯ ಜಿಲ್ಲೆಗಳಲ್ಲಿ, ಆ ವರ್ಷ ಜೂನ್‌ನಲ್ಲಿ. ಹಿಂದೆ ಬಿದ್ದು ಕೇಳಿದವರ ಋಣ ಇದರಲ್ಲಿ ದೊಡ್ಡದು.

ಪಡಿತರವನ್ನೂ ಕಾನೂನಿನ ಹಕ್ಕಾಗಿಸಿ 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಆದ್ಯತಾ ಕುಟುಂಬಕ್ಕೆ ತಿಂಗಳಿಗೆ ತಲಾ 5 ಕಿಲೋ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. ಪಾಲಿನ ಧಾನ್ಯ ಕೊಡದಿದ್ದರೆ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು; ಇದು 8ನೇ ಸೆಕ್ಷನ್, ಬಹಳ ಮಂದಿಗೆ ಗೊತ್ತೇ ಇಲ್ಲ.

ಹಾಗಾದರೆ ಅಜ್ಜಿಯ ಮಗನೋ ಮೊಮ್ಮಗಳೋ ಏನು ಮಾಡಬೇಕು? ಮೊದಲು 1967ಕ್ಕೆ ಕರೆ ಮಾಡಿ ದೂರು ಕೊಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದಕ್ಕೆ ಜಗ್ಗದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಲಿಖಿತ ದೂರು. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ದೂರಿನ ಎರಡನೇ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ಬಾಯಿಮಾತಿನ ದೂರಿಗೆ ಪುರಾವೆ ಉಳಿಯುವುದಿಲ್ಲ. ಆ ಅಧಿಕಾರಿಯ ಆದೇಶ ಸರಿಕಾಣದಿದ್ದರೆ ರಾಜ್ಯ ಆಹಾರ ಆಯೋಗವಿದೆ. ಜಿಲ್ಲಾ ಅಧಿಕಾರಿ ಹೇಳಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ನೌಕರನಿಗೆ ಆಯೋಗ 5,000 ರೂಪಾಯಿವರೆಗೆ ದಂಡ ಹಾಕಬಹುದು.

ಪುರಾವೆ ಬೇಕಾದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್‌ನವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು. ಅಷ್ಟು ಪದವೂ ಬೇಕಿಲ್ಲ. ಚೀಟಿಯ ನಂಬರು ಬರೆದು ಹೀಗೆ ಕೇಳಿದರೆ ಸಾಕು: "ಈ ಪಡಿತರ ಚೀಟಿಗೆ ಕಳೆದ ಆರು ತಿಂಗಳಲ್ಲಿ ಯಾವ ತಾರೀಖಿನಂದು ಎಷ್ಟು ಕಿಲೋ ಅಕ್ಕಿ ಕೊಟ್ಟಿರುವುದಾಗಿ ದಾಖಲಾಗಿದೆ?"